ಲಂಡನ್ನಿನ ಕಾಫೀ ಮಂದಿರಗಳಲ್ಲಿ ಅಪರಿಚಿತರ ಸಲ್ಲಾಪ

ಗುರುತಿಲ್ಲದವರೊಡನೆ ಮಾತು ತೊಡಗುವುದು ಎಲ್ಲರಿಗೂ ಸುಲಭಸಾಧ್ಯವಲ್ಲ. ಛತ್ರದ ಜಗಲಿಯಲ್ಲಿ ಮಗ್ಗುಲು ಮಗ್ಗುಲಾಗಿ ಕುಳಿತ ದಾರಿಗರು ಕೂಡ, ಯಾವ ಊರೆಂದು ಕೇಳುವ ಮೊದಲು ಕ್ಷಣಕಾಲ ಹಿಂಜರಿಯುವುದುಂಟು. ಈ ಸಂಕೋಚವನ್ನು ಕಳೆಯುವುದಕ್ಕೆ ತಕ್ಕ ಸ್ಥಳವೂ ತಕ್ಕ ಕಟ್ಟಳೆಯೂ ಎಷ್ಟು ನೆರವಾಗಬಲ್ಲುವೆಂಬುದಕ್ಕೆ ಹದಿನೇಳನೆಯ ಶತಮಾನದ ಲಂಡನ್ನಿನ ಕಾಫೀ ಮಂದಿರಗಳ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಡೇನಿಯಲ್ ಎಡ್ವರ್ಡ್ಸ್ ಎಂಬ ವರ್ತಕನು ತುರುಕರ ರಾಜ್ಯದ ಸ್ಮಿರ್ನಾ ಪಟ್ಟಣದಿಂದ ಸ್ವದೇಶಕ್ಕೆ ಮರಳುವಾಗ ಪಾಸ್ಕ್ವಾ ರೋಸೇ ಎಂಬ ಸೇವಕನನ್ನು ಕರೆತಂದನು. ೧೬೫೨ರಲ್ಲಿ ಈ ರೋಸೇಯು ಕಾರ್ನ್‌ಹಿಲ್ಲಿನ ಬಳಿಯ ಸೇಂಟ್ ಮೈಕೇಲ್ ಓಣಿಯಲ್ಲಿ ತೆರೆದುದೇ ಆ ನಗರದ ಮೊದಲನೆಯ ಕಾಫೀ ಅಂಗಡಿ. ಮದ್ಯದ ಅಂಗಡಿಗಳಿಗೆ ಅಲ್ಲಿ ಕೊರತೆಯಿರಲಿಲ್ಲ; ಆದರೆ ಮದ್ಯವು ಮಾತನ್ನು ಹುಟ್ಟಿಸಿದಂತೆ ಜಗಳವನ್ನೂ ಹುಟ್ಟಿಸುತ್ತಿತ್ತು. ಕಾಫೀ ಮಂದಿರದಲ್ಲಾದರೋ ಒಂದು ಪೆನ್ನಿಯನ್ನು ಕೊಟ್ಟವನಿಗೆ ಬಟ್ಟಲು ಕಾಫಿಯೂ, ಉರಿಯುವ ಒಲೆಯ ಬೆಚ್ಚನೆಯ ನೆರೆಯೂ, ನೀಳವಾದ ಮೇಜಿನ ಬಳಿ ಒಂದು ಆಸನವೂ ದೊರೆಯುತ್ತಿದ್ದುವು. ಬಂದವನನ್ನು ಕುಲಗೋತ್ರಗಳನ್ನು ವಿಚಾರಿಸದೆ ಹೊಸ ವರ್ತಮಾನವೇನೆಂದು ಕೇಳುವುದು ಅಲ್ಲಿನ ವಾಡಿಕೆ. ಹಡಗಿನ ಸುದ್ದಿ, ಯುದ್ಧದ ಸುದ್ದಿ, ಅರಮನೆಯ ಸುದ್ದಿ, ಯಾವುದಾದರೂ ಸರಿಯೆ, ಮಾತಿಗೆ ದಾರಿಯಾಗುತ್ತಿತ್ತು. ೧೬೬೦ರ ಡಿಸೆಂಬರಿನಲ್ಲಿ ಕಾರ್ನ್‌ಹಿಲ್ಲಿನ ಕಾಫೀ ಮಂದಿರವೊಂದಕ್ಕೆ ಹೋದ ಸ್ಯಾಮ್ಯುಯೆಲ್ ಪೀಪ್ಸನು, ಅಲ್ಲಿನ ಜನರ ಮತ್ತು ಮಾತುಗಳ ವೈವಿಧ್ಯದಿಂದ ತನಗಾದ ಸಂತೋಷವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

೧೬೭೪ರಲ್ಲಿ ಅಚ್ಚಾದ ಪದ್ಯರೂಪದ ನಿಯಮಾವಳಿಯೊಂದು ಈ ಮಂದಿರಗಳ ಮರ್ಯಾದೆಯನ್ನು ವಿನೋದವಾಗಿ ತಿಳಿಸುತ್ತದೆ. ಸಿರಿವಂತನೂ ಕಸುಬಿನವನೂ ಸಿಕ್ಕಿದೆಡೆಯಲ್ಲಿ ಒಟ್ಟಿಗೆ ಕುಳಿತುಕೊಳ್ಳಬಹುದು. ದೊಡ್ಡವರು ಬಂದರೆಂದು ಯಾರೂ ಎದ್ದು ಸ್ಥಳ ಬಿಡಬೇಕಾದುದಿಲ್ಲ. ಆಣೆಯಿಟ್ಟು ಬೈದವನಿಗೆ ೧೨ ಪೆನ್ನಿ ದಂಡ. ಜಗಳ ತೆಗೆದವನು ಇದ್ದವರಿಗೆಲ್ಲ ಒಂದೊಂದು ಬಟ್ಟಲು ಕಾಫಿಯನ್ನು ಕೊಡಿಸತಕ್ಕದ್ದು. ಈ ಸಮತೆಗೂ ಒಂದು ಎಲ್ಲೆಯಿತ್ತೆಂಬುದನ್ನು ಮರೆಯಲಾಗದು. ಅಂಗಡಿ ನಡೆಯಿಸಿದ ಹೆಂಗಸರು ಇದ್ದರಾದರೂ ಮೇಜಿನ ಗೋಷ್ಠಿಯು ಬಹುಮಟ್ಟಿಗೆ ಗಂಡಸರದಾಗಿಯೇ ಉಳಿಯಿತು.

ಇಂತಹ ಬಿಚ್ಚುಮಾತು ಅರಸನಿಗೆ ಹಿಡಿಸಲಿಲ್ಲ. ಸರಕಾರಕ್ಕೆ ಕಳಂಕ ತರುವ ಸುಳ್ಳು ಸುದ್ದಿಗಳು ಇಲ್ಲಿಂದಲೇ ಹಬ್ಬುವುವೆಂದು ಹೇಳಿ, ಎರಡನೆಯ ಚಾರಲ್ಸನು ೧೬೭೫ರ ಡಿಸೆಂಬರ್ ಕೊನೆಯಲ್ಲಿ ಕಾಫೀ ಮಂದಿರಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞಾಪಿಸಿದನು. ಜನರು ಅಸಮಾಧಾನಗೊಂಡರು, ಅಂಗಡಿಯವರು ಬಿನ್ನಹ ಮಾಡಿಕೊಂಡರು. ೧೬೭೬ರ ಜನವರಿ ೧೦ರಂದು ಜಾರಿಗೆ ಬರಬೇಕಾಗಿದ್ದ ಆಜ್ಞೆಯನ್ನು ಆ ದಿನಕ್ಕೆ ಮೊದಲೇ ಹಿಂದೆಗೆದುಕೊಳ್ಳಬೇಕಾಯಿತು.

ಅರಸನಿಂದಾಗದ ಕೆಲಸವು ಮುಂದೆ ಲಾಭದಿಂದ ಆಯಿತು. ಜೊನಾಥನ್ ಎಂಬವನ ಹೆಸರಿನ ಮಂದಿರದಲ್ಲಿ ಷೇರುಗಳ ದಲ್ಲಾಳಿಗಳು ಕಲೆಯುತ್ತಿದ್ದರು. ಎಡ್ವರ್ಡ್ ಲಾಯ್ಡನ ಮಂದಿರದಲ್ಲಿ ಹಡಗುಗಳ ವಿಮೆಯವರು ಸೇರುತ್ತಿದ್ದರು. ಅಲ್ಲಿ ಆಡಿದ ಮಾತಿಗೆ ಬೆಲೆಯೇರಿತು. ೧೭೭೩ರಲ್ಲಿ ದಲ್ಲಾಳಿಗಳು ಬೇರೆ ಕಟ್ಟಡಕ್ಕೆ ಹೋಗಿ, ಒಳಬರುವವರಿಗೆ ದಿನಕ್ಕೆ ೬ ಪೆನ್ನಿ ಶುಲ್ಕವನ್ನಿಟ್ಟರು. ೧೭೭೪ರಲ್ಲಿ ವಿಮೆಯವರೂ ಚಂದಾದಾರರ ಸಂಘವಾಗಿ ರಾಯಲ್ ಎಕ್ಸ್‌ಚೇಂಜಿಗೆ ಸಾಗಿದರು. ವೈಟ್ ಎಂಬವನು ೧೬೯೩ರಲ್ಲಿ ತೆರೆದ ಚಾಕೊಲೇಟ್ ಮಂದಿರವು ಕುಲೀನರು ಮಾತ್ರವೇ ಹೊಗಬಹುದಾದ ಕ್ಲಬ್ಬಾಯಿತು. ಹೀಗೆ ಗುರುತಿಲ್ಲದವನ ಪಕ್ಕದಲ್ಲಿ ಕುಳಿತು ಮಾತನಾಡಿ ಬೆಳೆದ ಸಂಸ್ಥೆಗಳೇ ಬೆಳೆದ ಮೇಲೆ ಗುರುತಿಲ್ಲದವನಿಗೆ ಬಾಗಿಲು ಹಾಕಿದುವು. ಆ ಮೊದಲಿನ ಗೋಷ್ಠಿಗೆ ಬೇಕಾಗಿದ್ದುದಾದರೋ ಒಂದು ಪೆನ್ನಿ, ಎಲ್ಲರಿಗೂ ಸೇರಿದ ಒಂದು ಮೇಜು, ಮತ್ತು ವರ್ತಮಾನವೇನೆಂಬ ಒಂದು ಪ್ರಶ್ನೆ ಮಾತ್ರ.