ಸುಳ್ಳು ತೂಕ, ಸರಿ ಮೊತ್ತ: ಏರ್‌ಫ್ಲೋ ಸೆನ್ಸರ್–ಇಂಜೆಕ್ಟರ್ ಹೊಂದಾಣಿಕೆಯ ದೋಷಪತ್ತೆ

ಫೋರ್ಡ್ ಮಸ್ಟಾಂಗ್ 5.0 ಕಾರಿಗೆ ಮಾಸ್ ಏರ್‌ಫ್ಲೋ ಸೆನ್ಸರ್ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ 1988ಕ್ಕೆ, ಅಮೆರಿಕದ ಉಳಿದ ರಾಜ್ಯಗಳಲ್ಲಿ 1989ಕ್ಕೆ. ಅದಕ್ಕೂ ಮೊದಲು ಕಂಪ್ಯೂಟರು ಮ್ಯಾನಿಫೋಲ್ಡಿನ ಒತ್ತಡ ಮತ್ತು ಎಂಜಿನ್ನಿನ ವೇಗ ನೋಡಿ ಗಾಳಿಯನ್ನು ಅಂದಾಜು ಮಾಡುತ್ತಿತ್ತು. ಕ್ಯಾಮ್‌ಶಾಫ್ಟ್ ಬದಲಾಯಿಸಿದರೆ ಆ ಅಂದಾಜೇ ತಲೆಕೆಳಗು. ನೇರವಾಗಿ ಅಳೆಯುವ ಸೆನ್ಸರ್ ಬಂದ ಮೇಲೆ ಎಂಜಿನ್ನಿಗೆ ಹೊಸ ಹೆಡ್, ಹೊಸ ಕ್ಯಾಮ್ ಹಾಕಿದರೂ ಕಂಪ್ಯೂಟರು ತಕ್ಕಮಟ್ಟಿಗೆ ಹೊಂದಿಕೊಂಡಿತು. ತೊಡಕು ಎದುರಾದದ್ದು ಗಂಟೆಗೆ 19 ಪೌಂಡ್ ಪೆಟ್ರೋಲ್ ಬಿಡುವ ಮೂಲ ಇಂಜೆಕ್ಟರ್ ಸಾಲದಾಗಿ, 24 ಅಥವಾ 30 ಪೌಂಡಿನದನ್ನು ಕೂರಿಸಿದಾಗ. ಇಂಜೆಕ್ಟರ್ ದೊಡ್ಡದಾಯಿತೆಂದು ಕಂಪ್ಯೂಟರಿಗೆ ಹೇಳುವವರು ಯಾರು?

ಬಿಡಿಭಾಗದ ಮಾರುಕಟ್ಟೆ ಇದಕ್ಕೆ ಒಂದು ಜಾಣ ದಾರಿ ಹುಡುಕಿತು: ಇಂಜೆಕ್ಟರಿಗೆ ತಕ್ಕಂತೆ ‘ಕ್ಯಾಲಿಬ್ರೇಟ್’ ಮಾಡಿದ ಸೆನ್ಸರ್. ಸೆನ್ಸರಿನ ಕಾದ ತಂತಿ ಇಡೀ ಗಾಳಿಗೆ ಮೈಯೊಡ್ಡುವುದಿಲ್ಲ; ಚಿಕ್ಕ ಕೊಳವೆಯೊಂದರಲ್ಲಿ ಹಾಯುವ ಗಾಳಿಯಷ್ಟೇ ಅದಕ್ಕೆ ತಾಗುತ್ತದೆ. ಆ ಕೊಳವೆಯ ಅಳತೆ ಬದಲಿಸಿದರೆ ಗಾಳಿ ಅಷ್ಟೇ ಇದ್ದರೂ ವೋಲ್ಟೇಜ್ ಇಳಿಯುತ್ತದೆ. 19ನ್ನು 24ರಿಂದ ಭಾಗಿಸಿದರೆ 0.79. ಅಂದರೆ 100 ಗ್ರಾಂ ಗಾಳಿ ಹೋದರೆ ಸೆನ್ಸರ್ 79 ಎನ್ನುತ್ತದೆ, ಕಂಪ್ಯೂಟರು ಇಂಜೆಕ್ಟರನ್ನು ಅಷ್ಟು ಕಡಿಮೆ ಹೊತ್ತು ತೆರೆಯುತ್ತದೆ, ಪೆಟ್ರೋಲ್ ಲೆಕ್ಕಕ್ಕೆ ಸರಿಯಾಗುತ್ತದೆ. ಅಕ್ಕಿ ಅಂಗಡಿಯಲ್ಲಿ ದೊಡ್ಡ ಸೇರಿನಿಂದ ಅಳೆದು ಕಡಿಮೆ ಎಣಿಸಿದಂತೆ ಇದು. ಗಿರಾಕಿಗೆ ಅಕ್ಕಿ ಸರಿಯಾಗಿಯೇ ಸಿಕ್ಕಿತು, ಕೆಟ್ಟದ್ದು ಅಂಗಡಿಯ ಲೆಕ್ಕದ ಪುಸ್ತಕ.

ಆ ಪುಸ್ತಕವನ್ನು ಇಗ್ನಿಷನ್ ಕೂಡ ಓದುತ್ತದೆ ಎನ್ನುವುದೇ ಇಲ್ಲಿನ ಮುಖ್ಯ ವಿಷಯ. ಗಾಳಿ ಕಡಿಮೆ ಎಂದರೆ ಎಂಜಿನ್ ಮೇಲೆ ಭಾರ ಕಡಿಮೆ ಎಂದು ಕಂಪ್ಯೂಟರು ನಂಬುತ್ತದೆ. ಭಾರ ಕಡಿಮೆಯಿದ್ದಾಗ ಕಿಡಿಯನ್ನು ಮುಂಚಿತವಾಗಿ ಹಚ್ಚುವುದು ಅದರ ರೂಢಿ. ಟಾಪ್ ಗೇರಿನಲ್ಲಿ ಅರ್ಧ ಥ್ರಾಟಲ್ ಕೊಟ್ಟು ಏರು ಹತ್ತುವಾಗ ಕೇಳಿಸುವ ಕಟಕಟ ನಾಕಿಂಗ್‌ಗೆ ಈ ಮುಂಚಿನ ಕಿಡಿಯೇ ಕಾರಣ, ಆದರೂ ಪೆಟ್ರೋಲನ್ನು ದೂರುವವರು ಬಹಳ. ಈ ಕಾರುಗಳಲ್ಲಿ ನಾಕ್ ಸೆನ್ಸರ್ ಇರಲಿಲ್ಲವಾದ್ದರಿಂದ ಕಂಪ್ಯೂಟರಿಗೆ ಆ ಸದ್ದು ಕೇಳಿಸುವ ಮಾತೇ ಇಲ್ಲ.

ಹಾಗಾದರೆ ದೋಷ ಹಿಡಿಯುವುದು ಹೇಗೆ? ಕಂಪ್ಯೂಟರು ತಾನೇ ಪೆಟ್ರೋಲಿಗೆ ಮಾಡಿಕೊಳ್ಳುವ ತಿದ್ದುಪಡಿ, ಅಂದರೆ ಫ್ಯುಯೆಲ್ ಟ್ರಿಮ್, ಶೂನ್ಯದ ಹತ್ತಿರವಿದೆ ಎಂದು ಸಮಾಧಾನಪಡುವಂತಿಲ್ಲ: ಒಂದನ್ನೊಂದು ಹೊಡೆದುಹಾಕುವ ಎರಡು ತಪ್ಪುಗಳೂ ಅದೇ ಶೂನ್ಯವನ್ನು ಕೊಡುತ್ತವೆ. ಅದಕ್ಕಿಂತ ಗಟ್ಟಿ ಸಾಕ್ಷಿ ಎಂಜಿನ್ನಿನ ಗಾತ್ರ. 5.0 ಎಂದು ಕರೆಸಿಕೊಳ್ಳುವ ಈ 4.94 ಲೀಟರಿನ ಎಂಜಿನ್ 5000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 206 ಲೀಟರ್ ಎಳೆಯಬಲ್ಲದು, ಲೀಟರಿಗೆ 1.2 ಗ್ರಾಂನಂತೆ 247 ಗ್ರಾಂ. ಪೂರ್ತಿ ಥ್ರಾಟಲ್‌ನಲ್ಲಿ ಸಿಲಿಂಡರ್ ಶೇ. 85ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೆ 210 ಗ್ರಾಂ ಕಾಣಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ 166 ಇದ್ದರೆ, ಚೆನ್ನಾಗಿ ಓಡುವ ಎಂಜಿನ್ ಶೇ. 67ರಷ್ಟೇ ತುಂಬುತ್ತಿದೆ ಎಂದಾಯಿತು. ಅದು ನಂಬುವ ಮಾತಲ್ಲ. ಸೆನ್ಸರ್ ಸುಳ್ಳು ಹೇಳುತ್ತಿದೆ.

ಟ್ರಿಮ್ ಉಪಯೋಗಕ್ಕೆ ಬರುವುದು ಅದರ ಮೊತ್ತದಿಂದಲ್ಲ, ಆಕಾರದಿಂದ. ಐಡ್ಲಿನಲ್ಲಿ ಪೆಟ್ರೋಲ್ ಸೇರಿಸಿ, ವೇಗ ಹೆಚ್ಚಿದಂತೆ ತಾನೇ ತಗ್ಗಿದರೆ ಸೆನ್ಸರಿನ ಆಚೆ ಎಲ್ಲೋ ಗಾಳಿ ಸೋರುತ್ತಿದೆ. ಎಲ್ಲ ಭಾರದಲ್ಲೂ ಒಂದೇ ಶೇಕಡಾವಾರು ಇದ್ದರೆ ಇಂಜೆಕ್ಟರಿನ ಗಾತ್ರವೋ ಪೆಟ್ರೋಲ್ ಒತ್ತಡವೋ ತಪ್ಪಿದೆ. 39 ಪಿಎಸ್‌ಐ ಇರಬೇಕಾದ ಒತ್ತಡ 45ಕ್ಕೇರಿದರೆ ವರ್ಗಮೂಲದ ನಿಯಮದಂತೆ ಹರಿವು ಶೇ. 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಯಾವ ಬಿಡಿಭಾಗ ಕೊಳ್ಳುವ ಮೊದಲೂ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಗೇಜ್ ಹಚ್ಚಿ ನೋಡುವುದು ಒಳ್ಳೆಯದು.

ಮೂರನೆಯ ಆಕಾರ ಹೆಚ್ಚು ಮೋಸದ್ದು. ಕರೆಂಟ್ ಬಂದ ಕ್ಷಣಕ್ಕೇ ಇಂಜೆಕ್ಟರ್ ತೆರೆಯುವುದಿಲ್ಲ. ಬಾಯಿಬಿಡಲು ಅದಕ್ಕೆ ಒಂದು ಮಿಲಿಸೆಕೆಂಡಿನ ಆಸುಪಾಸು ಬೇಕು, ಬ್ಯಾಟರಿ ಇಳಿದಿದ್ದರೆ ಇನ್ನೂ ತಡ. ಹೊಸ ಇಂಜೆಕ್ಟರಿನ ಈ ವಿಳಂಬ ಹಳೆಯದಕ್ಕಿಂತ 0.2 ಮಿಲಿಸೆಕೆಂಡ್ ಬೇರೆಯಿದ್ದರೆ, 15 ಮಿಲಿಸೆಕೆಂಡ್ ಸಿಂಪಡಿಸುವ ಪೂರ್ತಿ ಥ್ರಾಟಲ್‌ನಲ್ಲಿ ತಪ್ಪು ಶೇ. 1.3. ಐಡ್ಲಿನಲ್ಲಿ 2.4 ಮಿಲಿಸೆಕೆಂಡ್ ಮಾತ್ರ ಸಿಂಪಡಿಸುವಾಗ ಅದೇ ತಪ್ಪು ಶೇ. 8. ಸೆನ್ಸರಿನ ಕೊಳವೆ ಕಿರಿದಾಗಿಸಿ ಇದನ್ನು ತಿದ್ದಲಾಗದು. ಆ ಉಪಾಯ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ವಿಳಂಬವಾದರೋ ಪ್ರತಿ ಸಲ ಒಂದೇ ಮೊತ್ತವಾಗಿ ಕೂಡಿಕೊಳ್ಳುತ್ತದೆ.

ಸೆನ್ಸರ್ ಗಾಳಿಯ ಬಗ್ಗೆ ನಿಜ ಹೇಳಲಿ, ಇಂಜೆಕ್ಟರಿನ ಹರಿವು ಮತ್ತು ವಿಳಂಬವನ್ನು ಕಂಪ್ಯೂಟರಿನ ಕೋಷ್ಟಕದಲ್ಲೇ ಬರೆಯಲಿ ಎನ್ನುವುದು ಈ ಲೇಖಕನ ನಿಲುವು. ಈ ಕಾರುಗಳ ಇಇಸಿ-IV ಕಂಪ್ಯೂಟರಿನ ಹಿಂಬದಿಯ ಸರ್ವಿಸ್ ಪೋರ್ಟಿಗೆ ಚಿಪ್ ಸಿಕ್ಕಿಸಿ ಹಾಗೆ ಮಾಡಲು ಬರುತ್ತದೆ. ಖರ್ಚು ಹೆಚ್ಚು ಎನ್ನುವ ಆಕ್ಷೇಪ ನಿಜವೇ. ನಾಕಿಂಗ್‌ನಿಂದ ತೂತುಬಿದ್ದ ಪಿಸ್ಟನ್ನಿಗೆ ಹೋಲಿಸಿದರೆ ಅಷ್ಟೇನೂ ಅಲ್ಲ. 1993ರ ಮಸ್ಟಾಂಗ್ ಕೋಬ್ರಾಕ್ಕೆ 24 ಪೌಂಡಿನ ಇಂಜೆಕ್ಟರ್ ಹಾಕಿದಾಗ ಫೋರ್ಡ್ ಕಂಪನಿಯೇ ಅದಕ್ಕೆ ಹೊಸ ಕೋಷ್ಟಕವಿರುವ ಬೇರೆ ಕಂಪ್ಯೂಟರನ್ನು ಕೊಟ್ಟಿತ್ತು.