ಕಾಳು ಬಂತು, ಕೈಗುಣ ಬರಲಿಲ್ಲ

ಸೂಟಿ ಮುಗೀತು, ಮೊಮ್ಮಕ್ಕಳು ಊರಿಗೆ ಹೋದ್ರು, ಮನಿ ಭಣಭಣ ಅನ್ನಾಕತ್ತೈತಿ. ಈ ಸಲ ಅವು ಒಂದು ಹಟ ಹಿಡಿದಿದ್ವು, ವಾರಕ್ಕೊಂದು ದೇಶದ ಅಡಿಗಿ ಮಾಡಬೇಕಂತ. ಇಟಲಿದು ಆತು, ಚೀನಾದ್ದು ಆತು. ಮೂರನೇ ವಾರ ಮೆಕ್ಸಿಕೋದ ಟಾರ್ಟಿಯಾ. ಇವತ್ತ ಅದರ ಕಥಿ ಹೇಳ್ತೀನಿ.

ಟಾರ್ಟಿಯಾ ಅಂದ್ರ ಗೋವಿನಜೋಳದ ತೆಳ್ಳನ ರೊಟ್ಟಿನ. ಇದೇನು ದೊಡ್ಡ ಮಾತು ಅಂತ ಅಂಗಡಿ ಹಿಟ್ಟು ತಂದು, ಎಸರು ಹಾಕಿ ನಾದಿ ಕೊಟ್ಟೆ. ಹುಡುಗರು ಒತ್ತಿದ್ರ ಅಂಚೆಲ್ಲಾ ಸೀಳಿ ಸೀಳಿ ಹೋತು. ದೊಡ್ಡ ಮೊಮ್ಮಗಳು ಮೊಬೈಲ್ ನೋಡಿ, "ಆಯಿ, ಅವರು ಕಾಳು ಸುಣ್ಣದ ನೀರಾಗ ಕುದಿಸಿ ರುಬ್ತಾರ. ಸುಣ್ಣ ಯಾಕ?" ಅಂದ್ಲು. ನನಗ ಉತ್ತರ ಬರಲಿಲ್ಲ. ಪಿಯುಸಿಯೊಳಗ ಇತಿಹಾಸ ಓದಿದಾಕಿ ನಾನು, ಕೊಲಂಬಸ್ 1492 ಅಂತ ಬಾಯಿಪಾಠ ಐತಿ. ಆದ್ರ ಅವನ ಹಿಂದ ಹಡಗಿನ್ಯಾಗ ಬಂದ ಕಾಳಿನ ಕಥಿ ನಮಗ ಯಾರೂ ಹೇಳಿರಲಿಲ್ಲ. ಆಮ್ಯಾಲೆ ನಾನ ಹುಡುಕಿ ಓದಿದೆ.

ಗೋವಿನಜೋಳ ಮೊದಲ ಹುಟ್ಟಿದ್ದು ದಕ್ಷಿಣ ಮೆಕ್ಸಿಕೋದಾಗ. ಸುಮಾರು 9,000 ವರ್ಷದ ಹಿಂದ ಒಂದು ಕಾಡುಹುಲ್ಲನ್ನ ಅಲ್ಲಿಯ ಜನ ಬೆಳೆಸಿ ಬೆಳೆಸಿ ಇಷ್ಟು ದೊಡ್ಡ ತೆನಿ ಮಾಡಿದ್ರು. ಅಲ್ಲಿಯ ಹೆಣ್ಣುಮಕ್ಕಳು ಕಾಳನ್ನ ಸುಣ್ಣದ ನೀರಾಗೋ ಬೂದಿ ನೀರಾಗೋ ಕುದಿಸಿ, ರಾತ್ರಿ ನೆನಿಬಿಟ್ಟು, ಸಿಪ್ಪಿ ತಿಕ್ಕಿ ತೊಳೀತಿದ್ರು. ಮೂರು ಕಾಲಿನ ಕಲ್ಲಿನ ಮುಂದ ಮೊಣಕಾಲೂರಿ ಅದನ್ನ ಅರೆದು, ಮಣ್ಣಿನ ಹಂಚಿನ ಮ್ಯಾಲೆ ರೊಟ್ಟಿ ಬೇಯಿಸ್ತಿದ್ರು. ಸುಣ್ಣ ಹಾಕಿದ್ರ ಹಿಟ್ಟಿಗೆ ಜಿಗಿ ಬರತೈತಿ, ರೊಟ್ಟಿ ಸೀಳಂಗಿಲ್ಲ. ಅದಕ್ಕಿಂತ ದೊಡ್ಡ ಗುಣ ಒಂದೈತಿ. ಗೋವಿನಜೋಳದಾಗ ನಯಾಸಿನ್ ಅನ್ನೋ ಬಿ ಜೀವಸತ್ವ ಇದ್ರೂ ಅದು ಗಂಟು ಹಾಕಿದಂಗ ಇರತೈತಿ, ನಮ್ಮ ಮೈಗೆ ಹತ್ತಂಗಿಲ್ಲ. ಆ ಗಂಟು ಬಿಚ್ಚೋದು ಸುಣ್ಣ.

ಸ್ಪೇನಿನವರು ಕಾಳು ಒಯ್ದ್ರು, ಸುಣ್ಣದ ಮಾತು ಒಯ್ಯಲಿಲ್ಲ. ಅರೆಯೋ ಹೆಣ್ಣುಮಗಳ ಬಾಜೂಕ ಕುಂತು "ಇದು ಯಾಕ ಹಾಕ್ತೀ?" ಅಂತ ಕೇಳೋ ಪುರಸೊತ್ತು ಅವರಿಗೆಲ್ಲಿ ಇತ್ತು? ಯುರೋಪಿನ ಬಡವರು ಅದನ್ನ ಬರೇ ಬೀಸಿ, ಗಂಜಿ ಕಾಸಿ, ಮೂರು ಹೊತ್ತು ಅದನ್ನ ಉಂಡ್ರು. 1735ರಾಗ ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಒಂದು ಹೊಸಾ ಬ್ಯಾನಿ ಕಂಡ. ಬಿಸಿಲು ಬಿದ್ದಲ್ಲೆಲ್ಲಾ ತೊಗಲು ಕೆಂಪಾಗಿ ಸುಲಿಯೋದು, ಭೇದಿ, ಆಮ್ಯಾಲೆ ಬುದ್ಧಿಭ್ರಮಣಿ, ಕಡೀಕ ಸಾವು. ಇಟಲಿಯವರು ಅದಕ್ಕ ಪೆಲ್ಲಾಗ್ರಾ ಅಂದ್ರು, ಒರಟು ತೊಗಲು ಅಂತ ಅರ್ಥ.

20ನೇ ಶತಮಾನದ ಮೊದಲಿಗೆ ಅಮೆರಿಕಾದ ದಕ್ಷಿಣದ ಹತ್ತಿ ನಾಡಿನ ಬಡವರಿಗೂ ಅದ ಬ್ಯಾನಿ ಹತ್ತಿತು. ಇದು ಅಂಟುಜಾಡ್ಯ ಅಂತ ಭಾಳ ಮಂದಿ ನಂಬಿದ್ರು. 1914ರಾಗ ಸರ್ಕಾರ ಕಳಿಸಿದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್, "ಇದು ಊಟದ ಕೊರತಿ" ಅಂದ್ರ ಕೇಳೋರಿಲ್ಲ. ಕಡೀಕ 1916ರಾಗ ಅವರು, ಜೊತಿ ಡಾಕ್ಟರರು ರೋಗಿಗಳ ರಕ್ತವನ್ನ ತಮ್ಮ ಮೈಗೆ ಚುಚ್ಚಿಸಿಕೊಂಡ್ರು. ಅವರ ಹೆಂಡತಿ ಮೇರಿನೂ ಚುಚ್ಚಿಸಿಕೊಂಡ್ಲು. ಯಾರಿಗೂ ಬ್ಯಾನಿ ಬರಲಿಲ್ಲ. ನಯಾಸಿನ್ ಕೊರತೀನ ಕಾರಣ ಅಂತ ಗೊತ್ತಾಗಿದ್ದು 1937ರಾಗ. ಅಷ್ಟು ವರ್ಷ ಮೆಕ್ಸಿಕೋದ ಹಳ್ಳಿ ಹೆಣ್ಣುಮಕ್ಕಳು ಸುಣ್ಣ ಹಾಕಿ, ಅವರೆ ಕಾಳಿನಂಥ ಕಾಳಿನ ಸಂಗಾಟ ರೊಟ್ಟಿ ಉಣಿಸ್ಕೋತನ ಇದ್ರು. ಅಲ್ಲಿ ಆ ಬ್ಯಾನಿ ಅಪರೂಪ.

ಹಂಗಂತ ನಮ್ಮ ಹಾವೇರಿ ಕಡೆಯವರು ಹೆದರೋದು ಬ್ಯಾಡ. ಬ್ಯಾಳಿ, ಶೇಂಗಾ, ಕಾಳುಪಲ್ಯ, ಹಾಲು ನಮ್ಮ ಗಂಗಾಳದಾಗ ಇದ್ದಾವ.

ಎರಡನೇ ಸಲ ಹಿಂಗ ಮಾಡಿದ್ವಿ. ಅರ್ಧ ಕಿಲೋ ಒಣ ಕಾಳಿಗೆ ಎಲಿ ಅಡಿಕಿಗೆ ಹಚ್ಚೋ ತಿನ್ನೋ ಸುಣ್ಣ ಒಂದು ಸಣ್ಣ ಚಮಚ, ಒಂದೂವರೆ ಲೀಟರ್ ನೀರು. ಸ್ಟೀಲ್ ಪಾತ್ರಿಯೊಳಗ ಮುಕ್ಕಾಲು ತಾಸು ಕುದಿಸಿ ರಾತ್ರಿ ಹಂಗ ಬಿಟ್ವಿ. ಸುಣ್ಣದ ಕೆಲಸ ನಂದು, ಹುಡುಗರ ಕೈಯಾಗ ಕೊಡಬ್ಯಾಡ್ರಿ. ಮುಂಜಾನೆ ನಾಲ್ಕು ನೀರಾಗ ತೊಳೆದಿಂದ ಸಿಪ್ಪಿ ತಿಕ್ಕೋ ಕೆಲಸ ಅವಕ್ಕ ಕೊಟ್ಟೆ. ಕಡಿಮಿ ನೀರು ಹಾಕಿ ಗಟ್ಟಿ ರುಬ್ಬಿ, ಪ್ಲಾಸ್ಟಿಕ್ ಹಾಳಿ ನಡುವ ಇಟ್ಟು ಒತ್ತಿದ್ರ ಒಂದೂ ಸೀಳಲಿಲ್ಲ. ವಾಸನಿ ಅಂತೂ ಮಳಿ ಬಿದ್ದ ಮಣ್ಣಿನಂಗ!

ಆ ದಿನ ನಮ್ಮ ಅವ್ವನ ನೆನಪು ಭಾಳ ಬಂತು. ಆಕಿ ಹೇಳಿದ ಉದ್ದಿನ ಹಪ್ಪಳದ ಲೆಕ್ಕ ನನ್ನ ಹಳೇ ವಹಿಯೊಳಗ ಐತಿ. "ಹಪ್ಪಳಖಾರ ಹದಾ ನೋಡಿ" ಅಂತ ಬರಕೊಂಡೀನಿ. ಆ ಹದಾ ಎಷ್ಟು? ಆಕಿ ಇದ್ದಾಗ ನಾನು ಬಾಜೂಕ ಕುಂತು ನೋಡಲಿಲ್ಲ, ಪರೀಕ್ಷಾ ಐತಿ ಅಂತ ಒಳಗ ಹೋದೆ. ಈಗ ನನ್ನ ಹಪ್ಪಳ ಒಮ್ಮೆ ಕೆಂಪಾಗತಾವ, ಒಮ್ಮೆ ಅರಳಂಗಿಲ್ಲ. ಕಾಳು ಒಯ್ದು ಸುಣ್ಣ ಬಿಟ್ಟವರನ್ನ ನಾನು ಯಾವ ಬಾಯಿಲೆ ಬೈಲಿ?

ಅದಕ್ಕ ಹೇಳ್ತೀನಿ, ಹುಡುಗರು ಅಡಿಗಿಮನಿಗೆ ಬಂದ್ರ "ಹೊರಗ ಹೋಗ್ರಿ" ಅನಬ್ಯಾಡ್ರಿ. ಹಿಟ್ಟು ಚೆಲ್ಲಲಿ, ಒರಸಿದ್ರಾತು. "ಯಾಕ" ಅಂತ ಕೇಳಿದ್ರ ಉತ್ತರ ಹೇಳ್ರಿ, ಗೊತ್ತಿಲ್ಲಂದ್ರ ಕೂಡೇ ಹುಡುಕ್ರಿ. ಮತ್ತ ನಿಮ್ಮೊಳಗ ಯಾರಿಗರ ಹಪ್ಪಳಖಾರದ ಹದಾ ಗೊತ್ತಿದ್ರ, ದಯಮಾಡಿ ನಮ್ಮ ಮನಿಗೆ ಬರ್ರಿ. ಈ ಸಲ ನಾನು ಬಾಜೂಕ ಕುಂದರತೀನಿ.