ಕೊಂಡು ತಂದ ಕಪ್ಪು, ಮನೆಯಲ್ಲಿ ಹಿಡಿದ ಕಪ್ಪು

ಕಲಬುರಗಿಯ ಖ್ವಾಜಾ ಬಂದೇನವಾಜ ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ ಅತ್ತರು, ಟೋಪಿ, ತಸ್ಬಿಗಳ ಮಗ್ಗುಲಲ್ಲೇ ಸುರ್ಮಾದ ಪುಟ್ಟ ಶೀಸೆಗಳು ಕೂತಿರುತ್ತವೆ. ಅದೇ ಊರಿನ ಶರಣಬಸವೇಶ್ವರ ಜಾತ್ರೆಯ ಸಾಲಂಗಡಿಗಳಲ್ಲಿ ಬಳೆ, ಕುಂಕುಮಗಳ ಜೊತೆ ಕಾಡಿಗೆಯ ಡಬ್ಬಿ. ಎರಡನ್ನೂ ನೋಡಿದವರು ಸುರ್ಮಾ ಮುಸಲ್ಮಾನರದು, ಕಾಡಿಗೆ ಹಿಂದೂಗಳದು ಎಂದು ಅವಸರದಲ್ಲಿ ಗೆರೆ ಎಳೆದುಬಿಡುತ್ತಾರೆ. ಗೆರೆಯೇನೋ ಇದೆ, ಆದರೆ ಅದು ಇರುವುದು ಬೇರೆ ಕಡೆ. ಸುರ್ಮಾ ಒಣಪುಡಿ, ಕಲ್ಲಿನಿಂದ ಬಂದದ್ದು, ದೂರದಿಂದ ಬಂದದ್ದು, ರೊಕ್ಕ ಕೊಟ್ಟು ಕೊಂಡದ್ದು. ಕಾಡಿಗೆ ಎಣ್ಣೆಯಲ್ಲಿ ಕಲಸಿದ ಮಸಿ. ಮನೆಯ ಹೆಂಗಸರು ಹಿಡಿದದ್ದು, ರೊಕ್ಕದ ಲೆಕ್ಕಕ್ಕೆ ಬಾರದ್ದು. ಈ ಸೀಮೆಯಲ್ಲಿ ಕಣ್ಣಿಗೆ ಪುಡಿ ಹಚ್ಚುವ ರೂಢಿಯ ಚರಿತ್ರೆಯನ್ನು ಧರ್ಮದ ಜಾಡಿನಲ್ಲಿ ಹುಡುಕುವುದಕ್ಕಿಂತ ವ್ಯಾಪಾರದ ಜಾಡಿನಲ್ಲಿ ಹುಡುಕಿದರೆ ಹೆಚ್ಚು ದಕ್ಕುತ್ತದೆ.

ಮೊದಲ ಸಾಕ್ಷಿ ನೆಲದ್ದೇ. ಕಲಬುರಗಿಯ ಸುತ್ತ ಇರುವುದು ಎರೆಮಣ್ಣು, ಅದರಡಿಯ ಕಪ್ಪುಕಲ್ಲು, ತೆಂಕಣಕ್ಕೆ ಹೋದರೆ ಶಹಾಬಾದಿನ ಹಾಸುಗಲ್ಲು. ಸುರ್ಮಾಕ್ಕೆ ಬೇಕಾದ ಹೊಳಪಿನ ಅದಿರು, ಅಂದರೆ ಸೀಸದ ಗ್ಯಾಲೀನಾ ಆಗಲಿ ಆಂಟಿಮನಿಯ ಸ್ಟಿಬ್ನೈಟ್ ಆಗಲಿ, ಈ ಮಣ್ಣಿನ ಸರಕಲ್ಲ. ಹಾಗಾಗಿ ಇಲ್ಲಿ ಸುರ್ಮಾ ಹಚ್ಚಿದ ಪ್ರತಿ ಕಣ್ಣಿನ ಹಿಂದೆ ಒಂದು ಬಜಾರು ಇರಲೇಬೇಕು. ಕಾಡಿಗೆಗೆ ಅಂಥ ಯಾವ ಹಂಗೂ ಇಲ್ಲ. ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರದಂಥ ಊರನ್ನೇ ತೆಗೆದುಕೊಳ್ಳಿ. ತೊಗರಿ, ಜೋಳದ ಈ ಸೀಮೆಯಲ್ಲಿ ಔಡಲ ಹೊಲದಂಚಿನ ಬೆಳೆ, ಅದರ ಎಣ್ಣೆ ಮನೆಯ ಸಾಮಾನು. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅರಿವೆಯನ್ನು ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆಯುತ್ತಾರೆ. ಔಡಲೆಣ್ಣೆಯ ಹಣತೆಯ ಎರಡೂ ಬದಿಗೆ ಇಟ್ಟಿಗೆ ಇಟ್ಟು, ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕುತ್ತಾರೆ. ಗಾಳಿ ತೀರ ಕಡಿಮೆಯಾದರೆ ದೀಪ ನಂದುತ್ತದೆ, ಹೆಚ್ಚಾದರೆ ಮಸಿ ಹಾರಿಹೋಗುತ್ತದೆ. ಬೆಳಗಾದ ಮೇಲೆ ತಟ್ಟೆಯ ಮಸಿಯನ್ನು ಕೆರೆದು, ಎರಡು ಹನಿ ಎಣ್ಣೆಯನ್ನೋ ತುಪ್ಪವನ್ನೋ ಹಾಕಿ ಬೆರಳಲ್ಲಿ ತಿಕ್ಕಿದರೆ ತಿಂಗಳುಗಟ್ಟಲೆ ಸಾಕಾಗುವ ಕಾಡಿಗೆ. ಕಮಲಾಪುರದ ಕೆಂಬಾಳೆ ಭೌಗೋಳಿಕ ಗುರುತು ಪಡೆದು ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಕಾಡಿಗೆಗೆ ಊರಿನ ಹೆಸರು ಅಂಟಲೇ ಇಲ್ಲ, ಏಕೆಂದರೆ ಅದು ಮನೆಯ ಹೊಸಿಲು ದಾಟಿ ಮಾರಾಟಕ್ಕೆ ಹೋದದ್ದೇ ಕಡಿಮೆ.

ಸುರ್ಮಾ ಹಚ್ಚುವುದು ಸುನ್ನತ್, ಅಂದರೆ ಪೈಗಂಬರರು ನಡೆದ ರೀತಿ; ಪೈಗಂಬರರು ಇಸ್ಮಿದ್ ಎಂಬ ಅಂಜನವನ್ನು ಮೆಚ್ಚಿದ್ದರೆಂದು ಹದೀಸ್‌ಗಳೇ ಹೇಳುತ್ತವೆ, ಅಂದ ಮೇಲೆ ಇದನ್ನು ಧರ್ಮದಿಂದ ಬಿಡಿಸುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಖನಿಜದ ಪುಡಿ ಈ ನಾಡಿನ ಕಣ್ಣಿಗೆ ಬಿದ್ದದ್ದು ಇಸ್ಲಾಮಿಗಿಂತ ಬಹಳ ಹಿಂದೆ. ಸುಶ್ರುತ ಸಂಹಿತೆ ಅಂಜನವನ್ನು ಗುಳಿಗೆ, ರಸ, ಪುಡಿ ಎಂದು ಮೂರು ಬಗೆ ಮಾಡಿ, ಹಚ್ಚುವ ಕಡ್ಡಿ ಎಂಟು ಅಂಗುಲ ಇರಬೇಕು, ಅದರ ಎರಡೂ ತುದಿ ಮೊಗ್ಗಿನ ಹಾಗಿರಬೇಕು ಎಂದು ಅಳತೆ ಕೊಡುತ್ತದೆ. ವಾಗ್ಭಟನ ಅಷ್ಟಾಂಗಹೃದಯ ಸೌವೀರಾಂಜನವನ್ನು ದಿನಚರಿಯಲ್ಲೇ ಸೇರಿಸಿದೆ. ಸೌವೀರವೆಂದರೆ ಸಿಂಧೂ ನದಿಯ ಕಡೆಯ ದೇಶ. ಹತ್ತಿರದ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲಕ್ಕೆ ಈ ವೈದ್ಯ ಪರಂಪರೆ ಇಲ್ಲಿ ಗಟ್ಟಿಯಾಗಿಯೇ ಇತ್ತು; ಉಗ್ರಾದಿತ್ಯನ ಕಲ್ಯಾಣಕಾರಕ ಆ ಕಾಲದ ವೈದ್ಯಗ್ರಂಥ. ಅಂದರೆ ಪುಡಿಯೂ ಇತ್ತು, ಕಡ್ಡಿಯೂ ಇತ್ತು, ದೂರದ ಸರಕೆಂಬ ಹೆಗ್ಗಳಿಕೆಯೂ ಇತ್ತು. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ಬದಲಾದದ್ದು ಸರಕು ಬರುವ ದಾರಿ. 1397ರಿಂದ 1422ರವರೆಗೆ ಆಳಿದ ಫಿರೋಜ್ ಶಾಹ ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗು ಕಳಿಸಿ ಪರದೇಶದ ಸರಕನ್ನೂ ವಿದ್ವಾಂಸರನ್ನೂ ತರಿಸುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಯುನಾನಿ ಹಕೀಮರು ಹೊಗಳುವ ಇಸ್ಫಹಾನಿನ ಸುರ್ಮಾದ ಹೆಸರು ದಕ್ಖನಿಗೆ ತಲುಪಲು ಇಂಥ ದಾರಿಯೇ ಬೇಕಿತ್ತು. ಬಂದೇನವಾಜರೆಂದೇ ಹೆಸರಾದ ಗೇಸೂದರಾಜರು ದಿಲ್ಲಿಯಿಂದ ಇಲ್ಲಿಗೆ ಬಂದದ್ದು ಇದೇ ಫಿರೋಜನ ಕಾಲದಲ್ಲಿ, ತೀರಿಕೊಂಡದ್ದು ಆತ ಸತ್ತ 1422ರಲ್ಲೇ. ಮುಂದೆ ರಾಜಧಾನಿ ಬೀದರಿಗೆ ಹೋಯಿತು, ಆದರೆ ದರ್ಗಾ ಇಲ್ಲೇ ಉಳಿಯಿತು, ಉರುಸು ಉಳಿಯಿತು, ಉರುಸಿನ ಪೇಟೆಯೂ ಉಳಿಯಿತು. ಧರ್ಮ ಸುರ್ಮಾಕ್ಕೆ ಕೊಟ್ಟದ್ದು ಹುಟ್ಟನ್ನಲ್ಲ, ತಪ್ಪದೆ ಬರುವ ಗಿರಾಕಿಯನ್ನು. ತೂರ್ ಬೆಟ್ಟದಲ್ಲಿ ಮೂಸಾ ಪೈಗಂಬರರಿಗೆ ದೇವರ ಬೆಳಕು ಕಂಡಾಗ ಸುಟ್ಟು ಕರಿಯಾದ ಕಲ್ಲೇ ಸುರ್ಮಾ ಎಂಬ ಕಥೆಯನ್ನು ಮಾರುವವರು ಹೇಳುತ್ತ ಬಂದದ್ದೂ ಅದಕ್ಕೇ: ದೂರದಿಂದ ಬಂದದ್ದೆಂದು ಸಾರಿದಷ್ಟೂ ಬೆಲೆ. ಅತ್ತ ಹಳ್ಳಿಯ ಮುಸಲ್ಮಾನ ತಾಯಿಯೂ ಕೂಸಿನ ಕಣ್ಣಿಗೆ ಹಚ್ಚಿದ್ದು ಮನೆಯಲ್ಲಿ ಹಿಡಿದ ಕಾಡಿಗೆಯನ್ನೇ, ಕೆನ್ನೆಗೆ ಇಟ್ಟದ್ದು ಅದೇ ದೃಷ್ಟಿಬೊಟ್ಟು.

ಕೊಂಡ ಪುಡಿಗೆ ಬೆಲೆ ಬರುತ್ತಿದ್ದುದು ದೂರದ ಕಲ್ಲಿನಿಂದಷ್ಟೇ ಅಲ್ಲ, ಅರೆಯುವ ಕೈಯಿಂದಲೂ. ಗ್ಯಾಲೀನಾ ಮೆದು ಕಲ್ಲು. ಕುಟ್ಟಿದರೆ ಪುಟ್ಟ ಪುಟ್ಟ ಚೌಕಗಳಾಗಿ ಒಡೆಯುತ್ತದೆ, ಆ ಚೌಕದ ಮೂಲೆಗಳು ಚೂಪು. ಒರಟು ಕಣ ಕಣ್ಣಿನ ಪೊರೆಯನ್ನು ಗೀರುತ್ತದೆ. ಆದ್ದರಿಂದ ಕಲ್ಬತ್ತಿನಲ್ಲಿ ಗುಲಾಬ ನೀರು ಬಿಟ್ಟು ದಿನಗಟ್ಟಲೆ ಅರೆಯಬೇಕು, ಒಣಗಿಸಬೇಕು, ತೆಳು ಅರಿವೆಯಲ್ಲಿ ಸೋಸಬೇಕು, ಮತ್ತೆ ಅರೆಯಬೇಕು. ಎರಡು ಬೆರಳ ನಡುವೆ ತಿಕ್ಕಿದಾಗ ಮರಳಿನ ಸುಳಿವೇ ಇರಬಾರದು. ಹಚ್ಚುವುದಕ್ಕೂ ಒಂದು ಹದವಿದೆ. ಸುರ್ಮೇದಾನಿಯ ಮುಚ್ಚಳಕ್ಕೆ ಕೂಡಿಕೊಂಡೇ ಕಡ್ಡಿ ಇರುತ್ತದೆ. ಅದನ್ನು ಪುಡಿಯಲ್ಲಿ ಅದ್ದಿ, ಶೀಸೆಯ ಬಾಯಿಗೆ ತಟ್ಟಿ ಹೆಚ್ಚಿನದನ್ನು ಉದುರಿಸಿ, ರೆಪ್ಪೆ ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿಟ್ಟು ಹೊರಗಡೆಗೆ ಮೆಲ್ಲಗೆ ಎಳೆಯಬೇಕು. ಒದ್ದೆಯಾದ ಅಂಚು ಪುಡಿಯನ್ನು ಹಿಡಿದುಕೊಳ್ಳುತ್ತದೆ. ಒಣಪುಡಿಯ ದೊಡ್ಡ ಪೀಡೆ ಕೆನ್ನೆಯ ಮೇಲೆ ಉದುರುವುದು; ಕಣ್ಣಿನದೇ ತೇವವನ್ನು ಅಂಟಾಗಿ ಬಳಸಿಕೊಂಡು ಅದನ್ನು ತಡೆದದ್ದು ಹಳಬರ ಜಾಣತನ.

ಇದೆಲ್ಲ ರೆಪ್ಪೆಯಂಚಿನ ಮಾತಾಯಿತು, ರೆಪ್ಪೆಯ ಮೇಲೆ ಬಣ್ಣದ ಪುಡಿ ಬಳಿಯುವುದು ಬೇರೆ, ಅದು ಹೊಸ ಕಾಲದ ಸಿಂಗಾರ ಎಂಬ ಆಕ್ಷೇಪವೂ ಉಂಟು. ಮನೆಯ ಮಟ್ಟಿಗೆ ಅದು ಸರಿ. ಆದರೆ ರಂಗದ ಮೇಲೆ ಅದು ಹಳೆಯದು. ನಮ್ಮ ಬಯಲಾಟಗಳ ಬಣ್ಣಗಾರರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ ಇಟ್ಟುಕೊಂಡಿದ್ದವರು. ಪುಡಿಗಳನ್ನು ಎಣ್ಣೆಯಲ್ಲಿ ಕಲಸಿ ರೆಪ್ಪೆ, ಹುಬ್ಬು, ಕಣ್ಣಿನ ಸುತ್ತೆಲ್ಲ ಬಳಿದು ರಾಕ್ಷಸನ ನೋಟ ತರಿಸಿದವರು. ಇಲ್ಲಿಯೂ ಅದೇ ಗೆರೆ ಕಾಣುತ್ತದೆ. ನಾಲ್ಕರಲ್ಲಿ ಮೂರನ್ನು ಪೇಟೆಯಿಂದ ತರಬೇಕು, ಕಪ್ಪು ಮಾತ್ರ ಮನೆಯದು. ಅರದಾಳ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ, ಇಂಗಳೀಕ ಪಾದರಸ ಮತ್ತು ಗಂಧಕದ ಸಂಯುಕ್ತ. ಕೊಂಡು ತಂದ ಬಣ್ಣಗಳಲ್ಲೇ ವಿಷ, ಮನೆಯ ಮಸಿಯೇ ಅವಕ್ಕಿಂತ ಸೌಮ್ಯ ಎಂಬುದು ಅಚ್ಚರಿಯ ಮಾತಾದರೂ ನಿಜ.

ಸುರ್ಮಾದ ವಿಷಯದಲ್ಲಿ ಇದು ಇನ್ನೂ ಬಿರುಸು. ಗ್ಯಾಲೀನಾದ ತೂಕದಲ್ಲಿ ನೂರಕ್ಕೆ 86 ಪಾಲಿಗಿಂತ ಹೆಚ್ಚು ಸೀಸ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತ, ಪಾಕಿಸ್ತಾನ ಮೂಲದ ಕುಟುಂಬಗಳ ಮಕ್ಕಳಲ್ಲಿ ಸುರ್ಮಾದಿಂದ ಸೀಸ ಏರಿದ್ದನ್ನು ಅಲ್ಲಿನ ವೈದ್ಯರು 1960ರ ದಶಕದಿಂದಲೇ ಬರೆದಿದ್ದಾರೆ. ಮಕ್ಕಳು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಹಳೆಯ ಪದ್ಧತಿಯ ಪರ ನಿಲ್ಲುವವರು ಈಜಿಪ್ಟಿನ ಕಡೆ ಬೆರಳು ತೋರಿಸುತ್ತಾರೆ: ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಪುರಾತನ ಕಣ್ಣುಪುಡಿಗಳಲ್ಲಿ ಬೇಕೆಂದೇ ತಯಾರಿಸಿದ ಸೀಸದ ಲವಣಗಳಿದ್ದುದು 1999ರಲ್ಲಿ ಪ್ರಕಟವಾಯಿತು, ಅವು ತೀರ ಅಲ್ಪ ಪ್ರಮಾಣದಲ್ಲಿ ರೋಗನಿರೋಧಕ ಶಕ್ತಿಯನ್ನು ಕೆರಳಿಸಬಲ್ಲವೆಂದು 2010ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರೇ ಹೇಳಿದರು. ಹೇಳಿದ್ದು ಈಜಿಪ್ಟಿನ ಆ ಲವಣಗಳ ಬಗ್ಗೆ, ದರ್ಗಾದ ಮುಂದಿನ ಶೀಸೆಯ ಬಗ್ಗೆ ಅಲ್ಲ. ಅದರಿಂದ ಕೂಸಿನ ಕಣ್ಣಿಗೆ ಸೀಸ ಹಚ್ಚಲು ಪರವಾನಗಿ ಸಿಗುವುದಿಲ್ಲ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಬೆರೆಸಿದ ಪ್ರಸಾಧನ ತಯಾರಿಸಬಾರದೆಂದು ನಮ್ಮ ಕಾನೂನೂ ಹೇಳುತ್ತದೆ. ಹಕೀಮರು ಕಣ್ಣಿಗೆ ಹಿತವೆಂದು ಬಗೆದ ನುಣುಪೇ ಸೀಸ ಮೈಗೆ ಸೇರುವುದನ್ನು ಸಲೀಸು ಮಾಡುತ್ತದೆ ಎಂಬುದನ್ನು ಅರೆಯುವವರು ತಿಳಿಯುವ ದಾರಿ ಆಗ ಇರಲಿಲ್ಲ.

ಇವತ್ತು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮದುವೆ ಹಂಗಾಮಿನಲ್ಲಿ ಮಾರಾಟವಾಗುವ ಮಿರುಗುವ ಐಶ್ಯಾಡೋ ಪುಡಿ ಅಭ್ರಕದ ತೆಳು ಪದರಗಳಿಗೆ ಟೈಟಾನಿಯಂ, ಕಬ್ಬಿಣದ ಆಕ್ಸೈಡ್ ಹೊದಿಸಿ ಮಾಡಿದ್ದು. ಅದೂ ಹೊರಗಿನಿಂದ ಬಂದ ಸರಕೇ. ಅದರ ಮೇಲೂ ದೂರದ ಊರುಗಳ ಹೆಸರೇ. ಉದುರುವ ಪೀಡೆಯೂ ಹೋಗಿಲ್ಲ: ಬ್ಯೂಟಿ ಪಾರ್ಲರಿನವರು ಮೊದಲು ರೆಪ್ಪೆಗೆ ಅಂಟು ಲೇಪ ಹಚ್ಚಿ, ಬ್ರಷ್ಷನ್ನು ತುಸು ಒದ್ದೆ ಮಾಡಿ, ಪುಡಿಯನ್ನು ಎಳೆಯದೆ ಒತ್ತಿ ಕೂರಿಸುತ್ತಾರೆ. ಎಣ್ಣೆಯಲ್ಲಿ ಕಲಸುತ್ತಿದ್ದ ಬಣ್ಣಗಾರನೂ, ಕಣ್ಣಿನ ತೇವಕ್ಕೆ ಕಡ್ಡಿ ತಾಕಿಸುತ್ತಿದ್ದ ಸುರ್ಮಾದವನೂ ಮಾಡುತ್ತಿದ್ದುದು ಇದನ್ನೇ. ಕಾಡಿಗೆಯ ಪಾಡು ಮಾತ್ರ ತಿರುವುಮುರುವಾಗಿದೆ. ತಟ್ಟೆ ಬೋರಲು ಹಾಕುವ ಮನೆಗಳು ಕಡಿಮೆಯಾಗಿ, ಕಮಲಾಪುರದ ಕಿರಾಣಿ ಅಂಗಡಿಯಲ್ಲೂ ಈಗ ಕಾಡಿಗೆ ಕಂಪನಿಯ ಕಡ್ಡಿಯಾಗಿ, ಬೆಲೆಯ ಚೀಟಿ ಅಂಟಿಸಿಕೊಂಡು ಸಿಗುತ್ತದೆ.